ಹಳದಿ ದೀಪದ ಚಾಡಿ

ನಮ್ಮ ಮನೆಯ ಪಡಸಾಲೆಯ ಗೂಟವೊಂದಕ್ಕೆ ಸಣ್ಣದೊಂದು ಬಟ್ಟೆಯ ಚೀಲ ಜೋತುಬಿದ್ದಿದೆ. ಗಜೇಂದ್ರಗಡದ ಕೈಮಗ್ಗದ ಸೀರೆಯೊಂದು ಉಟ್ಟುಟ್ಟು ಮೈಯೆಲ್ಲ ಜಾಳಾದ ಮೇಲೂ ದಡಿ ಮಾತ್ರ ಗಟ್ಟಿಯಾಗಿ ಉಳಿದಿತ್ತೆಂದು, ಆ ದಡಿಯನ್ನೇ ಕತ್ತರಿಸಿ ಮಡಿಚಿ ನನ್ನ ಹೆಂಡತಿ ಹೊಲಿದುಕೊಟ್ಟ ಚೀಲವದು. ಬಂದುಹೋಗುವವರು ಅದನ್ನು ಎಲೆಯಡಿಕೆಯ ಸಂಚಿಯೆಂದೇ ಭಾವಿಸುತ್ತಾರೆ. ಭಾವಿಸಿ ಸುಮ್ಮನಿದ್ದವರನ್ನು ಕ್ಷಮಿಸಿದ್ದೇನೆ, ಹಾಗೆಂದು ಬಾಯಿಬಿಟ್ಟು ನಕ್ಕವರ ಹೆಸರುಗಳು ನನಗೆ ಇಂದಿಗೂ ಕಂಠಪಾಠವಾಗಿವೆ. ಚೀಲದೊಳಗಿರುವುದು ವಿದ್ಯುತ್ತಿನ ಒತ್ತಡವನ್ನು ಅಳೆಯುವ ಮೀಟರು. ಒಂದು ಕೆಂಪು ಸೂಜಿ, ಒಂದು ಕಪ್ಪು ಸೂಜಿ. ಎರಡನ್ನೂ ಸರಿಯಾದ ಜಾಗದಲ್ಲಿ ಚುಚ್ಚಿದರೆ ಮುಖದಾಕ್ಷಿಣ್ಯವಿಲ್ಲದೆ ಒಂದು ಅಂಕಿಯನ್ನು ಹೇಳುತ್ತದೆ. ಮಿತ್ರರೇ, ದಾಕ್ಷಿಣ್ಯವಿಲ್ಲದೆ ಮಾತಾಡುವವರನ್ನು ನಾನು ಈ ಬದುಕಿನಲ್ಲಿ ಹೆಚ್ಚು ಕಂಡಿಲ್ಲ. ಕಂಡವರಲ್ಲಿ ಈ ಮೀಟರೇ ಅತ್ಯಂತ ಸಭ್ಯವಾದದ್ದು.

ರೋಣದ ಮಾರುಕಟ್ಟೆ ಅಂಗಳದ ಹಿಂದಿನ ರಸ್ತೆಯಲ್ಲಿ ವಾಹನಗಳ ವಿದ್ಯುತ್ ಕೆಲಸದ ಅಂಗಡಿಯನ್ನು ನಾನು ನಡೆಸುತ್ತಾ ಬಂದಿದ್ದೇನೆ. ಜೋಳದ ಲಾರಿಗಳ ಡೈನಮೋಗಳಿಗೆ ತಾಮ್ರದ ತಂತಿ ಸುತ್ತುವುದರಿಂದ ಆರಂಭವಾದ ಕೈ ಇದು. ಹೊಸ ಕಾಲದ ಕಾರುಗಳು ಬಂದಾಗ, ನನ್ನ ವಯಸ್ಸನ್ನು ನೋಡಿದ ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದರು: ಮುದುಕನಿಗೆ ಕಂಪ್ಯೂಟರಿನ ಮೇಲೆ ಸಿಟ್ಟಿರಬೇಕು, ಹಳೆಯ ಕಾಲವನ್ನು ನೆನೆದು ನಿಟ್ಟುಸಿರಿಡುತ್ತಿರಬೇಕು. ಈ ತೀರ್ಮಾನವನ್ನು ನಾನು ಅವಮಾನವೆಂದೇ ಎಣಿಸುತ್ತೇನೆ. ಅರವತ್ತು ದಾಟಿದ ಮೇಲೆ ನಾನು ಸ್ಕ್ಯಾನರನ್ನು ಕೊಂಡೆ, ಕಾರಿನ ಗಣಕದೊಡನೆ ಮಾತಾಡುವ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಒಂದೊಂದು ಪುಟವನ್ನೂ ನಿಘಂಟಿನ ನೆರವಿನಿಂದ ಓದಿ ಅರ್ಥ ಮಾಡಿಕೊಂಡೆ. ಹಳೆಯ ಕಾಲಕ್ಕಾಗಿ ನಾನು ನಿಟ್ಟುಸಿರಿಟ್ಟವನಲ್ಲ. ಡೈನಮೋ ಸುತ್ತಿದ ಬೆರಳುಗಳಿಗೆ ಆದ ಗಾಯಗಳು ನನಗೆ ಚೆನ್ನಾಗಿ ನೆನಪಿವೆ.

ಹಿಂದಿನ ಗಾಡಿ ಮೂಕಪ್ರಾಣಿಯಾಗಿತ್ತು. ನೋವಾದರೆ ಹೊಗೆಯುಗುಳಿ, ಕೆಮ್ಮಿ, ನಡುಗಿ ತೋರಿಸುತ್ತಿತ್ತು. ಇಂದಿನ ಗಾಡಿಗೆ ಮೈಯೆಲ್ಲ ಸೆನ್ಸರುಗಳು. ಒಂದು ಶಾಖವನ್ನು ನೋಡುತ್ತದೆ, ಒಂದು ಗಾಳಿಯ ಒತ್ತಡವನ್ನು, ಮತ್ತೊಂದು ನಿಮ್ಮ ಬಲಗಾಲು ಪೆಡಲನ್ನು ಎಷ್ಟು ಒತ್ತಿದೆಯೆಂಬುದನ್ನು. ಒಳಗೆಲ್ಲೋ ಕತ್ತಲಲ್ಲಿ ಕುಳಿತ ಗಣಕವು ರಸ್ತೆಯನ್ನಾಗಲಿ ಬಿಸಿಲನ್ನಾಗಲಿ ಎಂದೂ ಕಂಡದ್ದಲ್ಲ. ಅರಮನೆಯಿಂದ ಹೊರಬೀಳದ ಅರಸನಂತೆ ಅದು ದೂತರ ಮಾತನ್ನು ನಂಬಿಯೇ ರಾಜ್ಯವಾಳಬೇಕು. ಪ್ರತಿಯೊಬ್ಬ ದೂತನಿಗೂ ಅದು ಐದು ವೋಲ್ಟನ್ನು ಕೊಟ್ಟು ಕಳಿಸುತ್ತದೆ. ದೂತನು ತಾನು ಕಂಡದ್ದಕ್ಕೆ ತಕ್ಕಂತೆ ಅದರಲ್ಲೊಂದು ಪಾಲನ್ನು ಹಿಂದಿರುಗಿಸುತ್ತಾನೆ. ಆ ಪಾಲೇ ವರದಿ. ವರದಿಯು ನಂಬುವಂತಿಲ್ಲದಿದ್ದರೆ ಅರಸನು ಚಾಲಕನ ಕಣ್ಣೆದುರಿನ ಫಲಕದಲ್ಲಿ ಕಡಲೆಕಾಳಿನಷ್ಟು ಹಳದಿ ದೀಪವನ್ನು ಹೊತ್ತಿಸಿ, ಒಂದು ಸಂಕೇತವನ್ನು ನೆನಪಿಟ್ಟುಕೊಂಡು, ಗಾಡಿಯ ಕಸುವನ್ನು ಕಡಿಮೆ ಮಾಡಿ ಕುಂಟುತ್ತ ಮನೆ ಸೇರುವಂತೆ ಮಾಡುತ್ತಾನೆ. ಸ್ಕ್ಯಾನರಿಗೆ ದೊರೆಯುವುದು ಆ ಸಂಕೇತ. ಅಲ್ಲಿ ಬರೆದಿರುವುದು ಯಾರ ಮೇಲೆ ದೂರು ಬಂದಿದೆ ಎಂಬುದು ಮಾತ್ರ. ದೂರು ಬಂದವನೇ ಅಪರಾಧಿಯೆಂದು ತಿಳಿದು ಅವನನ್ನು ಕಿತ್ತೊಗೆಯುವುದು ಸುಲಭವಾದ ನ್ಯಾಯ. ಆ ನ್ಯಾಯದ ರುಚಿಯನ್ನು ನಾನೇ ಉಂಡ ಕಥೆಯನ್ನು ಈಗ ಹೇಳುತ್ತೇನೆ.

ಗಜೇಂದ್ರಗಡದಲ್ಲಿ ಈರಣ್ಣನೆಂಬ ನೇಕಾರನಿದ್ದಾನೆ. ತನ್ನ ಮನೆಯ ಮಗ್ಗದಲ್ಲೂ ಓಣಿಯ ನಾಲ್ಕಾರು ಮನೆಗಳಲ್ಲೂ ನೇಯ್ದ ಸೀರೆಗಳನ್ನು ಕಾರಿನಲ್ಲಿ ಹೇರಿಕೊಂಡು ರೋಣ, ನರಗುಂದ, ಕೊಣ್ಣೂರಿನ ಅಂಗಡಿಗಳಿಗೆ ಮುಟ್ಟಿಸುವವನು. ಈ ಬೇಸಿಗೆಯ ಕೊನೆಯಲ್ಲಿ ಅವನು ಹೊಸ ಕಾರನ್ನು ನನ್ನ ಅಂಗಡಿಗೆ ತಂದು, ಎತ್ತಿನ ಬಂಡಿಗಳಿಗೂ ಟ್ರ್ಯಾಕ್ಟರುಗಳಿಗೂ ಕೇಳಿಸುವಂಥ ಜೋರಾದ ಹಾರ್ನೊಂದನ್ನು ಹಾಕಿಸಿಕೊಂಡ. ಹಿಂದಿನ ಸೀಟಿನಲ್ಲಿ ಸೀರೆಯ ಗಂಟುಗಳ ನಡುವೆ ಅವನ ತಾಯಿ ನೀಲವ್ವ ಕುಳಿತಿದ್ದಳು. ಕೆಲಸ ಮುಗಿಸಿ, ಕೈ ಒರೆಸಿಕೊಳ್ಳುತ್ತ, ನಾನು ಮನಃಪೂರ್ವಕವಾಗಿ ಹೇಳಿದೆ: “ಇಂಥಾ ಗಾಡಿ ಈ ಸೀಮ್ಯಾಗ ಇಲ್ಲ ಬಿಡಪಾ ಈರಣ್ಣಾ.” ಆ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಓರೆಗಣ್ಣಿನಿಂದ ನೋಡಿ ಸೆರಗನ್ನು ಬಿಗಿದುಕೊಂಡಳು. ಹೊಗಳಿದವನಿಗೆ ಇಂಥ ನೋಟ ಏಕೆಂದು ನನಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಮರೆಯಲಿಲ್ಲ.

ಕೆಲವು ದಿನಗಳಲ್ಲಿ ಆ ಗಾಡಿ ಕೆಟ್ಟಿತು. ನರಗುಂದದ ದಾರಿಯಲ್ಲಿ ಹಳದಿ ದೀಪ ಹೊತ್ತಿ, ಕಸುವಿಲ್ಲದೆ ತೆವಳಿತು. ಈರಣ್ಣ ಅದನ್ನು ಬಸವರಾಜನ ಗ್ಯಾರೇಜಿಗೆ ಒಯ್ದ. ಈ ಬಸವರಾಜ ಒಂದು ಕಾಲಕ್ಕೆ ನನ್ನಲ್ಲಿಯೇ ಬ್ಯಾಟರಿಗೆ ನೀರು ಹಾಕಲು ಕಲಿತವನು. ಈಗ ಗಾಡಿಯನ್ನು ಆಳೆತ್ತರ ಎತ್ತಿ ನಿಲ್ಲಿಸುವ ಯಂತ್ರದ ಒಡೆಯ. ಅವನಿಗೆ ಅನ್ಯಾಯ ಮಾಡಬಾರದು: ಅವನು ಮೋಸಗಾರನಲ್ಲ, ಕೆಲಸಗೇಡಿಯೂ ಅಲ್ಲ. ಸಂಕೇತವನ್ನು ಓದಿದ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ನೋಡುವ ಸೆನ್ಸರಿನ ಮೇಲೆ ದೂರಿತ್ತು, ಅದನ್ನು ಬದಲಿಸಿದ, ದೀಪ ಆರಿತು. ಮತ್ತೆ ಕೆಲವು ವಾರಗಳ ಮೇಲೆ ದೀಪ ಹೊತ್ತಿತು. ಈ ಸಲ ಪೆಡಲಿನ ಸೆನ್ಸರಿನ ಮೇಲೂ ದೂರು. ಅದನ್ನೂ ಬದಲಿಸಿದ, ದೀಪ ಆರಿತು. ಮೂರನೆಯ ಸಲವೂ ಹೊತ್ತಿದಾಗ ಅವನಿಗೆ ಕಿತ್ತು ಬದಲಿಸಲು ಬೇರೊಂದು ಸೆನ್ಸರು ತೋಚಲಿಲ್ಲ. ಅಲ್ಲಿಯವರೆಗೆ ಚೇಷ್ಟೆಗಷ್ಟೇ ನನ್ನ ಹೆಸರೆತ್ತುತ್ತಿದ್ದವನು ಆಗ ನೇರವಾಗಿ ನನ್ನ ಕಡೆಗೇ ಬೆರಳು ತೋರಿಸಿದ. ಹಾರ್ನ್ ಹಾಕುವಾಗ ಮುದುಕ ಯಾವುದೋ ತಂತಿಯನ್ನು ಚುಚ್ಚಿ ಹಾಳುಮಾಡಿದ್ದಾನೆ. ಹಾರ್ನಿಗೆ ಮೊದಲು ಗಾಡಿ ಚೆನ್ನಾಗಿತ್ತು, ಹಾರ್ನ್ ಬಂದ ಮೇಲೆ ಕೆಟ್ಟಿತು.

ಈ ಮಾತು ರಾಜೇಸಾಬನ ಚಹಾದ ಹೊಟೇಲಿನಲ್ಲಿ ಬೆಳೆಯಿತು. ರಾಜೇಸಾಬ ನನ್ನ ವಾರಿಗೆಯ ಗೆಳೆಯ. ಅವನ ಹೊಟೇಲಿನಲ್ಲಿ ಹುಟ್ಟಿದ ಮಾತು ಸಂಜೆಯೊಳಗೆ ಬಸ್ಸೇರಿ ಗದಗನ್ನು ಮುಟ್ಟುತ್ತದೆ. ಗಣಪತಿಯ ಪೆಂಡಾಲಿಗೆ ಬೊಂಬು ಕಟ್ಟುತ್ತಿದ್ದ ಒಂದು ಮಧ್ಯಾಹ್ನ, ಹತ್ತಾರು ಜನರೆದುರಿಗೆ, ಮಿರ್ಚಿಯನ್ನು ಕಚ್ಚುತ್ತ ಬಸವರಾಜ ನನ್ನ ಮುಖಕ್ಕೇ ಹೇಳಿದ:

“ಕಾಕಾ, ವಯಸ್ಸಾತ ನಿಮಗ. ಗಣಪ್ಪನ ಪೆಂಡಾಲಿಗೆ ಸೀರಿಯಲ್ ಲೈಟ್ ಹಾಕ್ಕೋತ ಆರಾಮ ಇರ್ರಿ. ಹೊಸ ಗಾಡಿ ನಮಗ ಬಿಡ್ರಿ.”

ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಗೊತ್ತು. ನಾನು ಚಹಾದ ಗ್ಲಾಸನ್ನು ಕೆಳಗಿಟ್ಟು ಎದ್ದು ನಿಂತೆ.

“ಬಸವರಾಜ, ದೋಷ ನನ್ನ ಕೈಲೆ ಹಾಕಿದ ವೈರಿನಾಗ ಐತಿ ಅಂತಾದ್ರ, ನನ್ನ ಅಂಗಡಿ ಬೋರ್ಡ ನಾನ ಏಣಿ ಹತ್ತಿ ಇಳಸ್ತೇನಿ. ಇರದಿದ್ರ?”

“ಇರದಿದ್ರ ನೀವ ಹೇಳ್ದಂಗ ಕಾಕಾ.”

“ಇದ ಹೊಟೇಲಿನಾಗ, ಇಷ್ಟ ಮಂದಿ ಮುಂದ, ತಪ್ಪಾತು ಅನಬೇಕು.”

“ಆತ ಬಿಡ್ರಿ,” ಎಂದ ಅವನು, ಉಳಿದ ಮಿರ್ಚಿಯನ್ನು ಬಾಯಿಗೆಸೆದುಕೊಂಡು.

ರಾಜೇಸಾಬ ನನ್ನ ಹಿಂದೆಯೇ ಹೊರಗೆ ಬಂದ. “ಏ ಮಿಸ್ತ್ರಿ, ತಲಿ ನೆಟ್ಟಗ ಐತಿಲ್ಲೋ ನಿಂದು? ಬೋರ್ಡ ಇಳಿಸಿದ ಮ್ಯಾಲ ದಿನಾ ನನ್ನ ಹೊಟೇಲಿನಾಗ ಕುಂತ ನನ್ನ ತಲಿ ತಿಂತಿ. ನಾ ಏನ ಮಾಡ್ಲಿ?” ಎಂದ. ಗೆಳೆಯರು ಕಳವಳಪಡುವ ರೀತಿ ಇದು.

ಆ ಬೋರ್ಡನ್ನು ನೀವು ನೋಡಿಲ್ಲ. ಅದರ ಅಕ್ಷರಗಳನ್ನು ನಾನೇ ಬರೆದದ್ದು, ಬಣ್ಣ ಮಾಸಿದಾಗಲೆಲ್ಲ ನಾನೇ ತಿದ್ದಿದ್ದು. ನನ್ನ ಹೆಸರು ಊರಿನಲ್ಲಿ ಬಾಳಿದ್ದು ಆ ತಗಡಿನ ಮೇಲೆಯೇ. ಅಂದಿನಿಂದ ಅಂಗಡಿಯ ಬೀಗ ತೆಗೆಯುವಾಗಲೆಲ್ಲ ತಲೆಯೆತ್ತಿ ಅದನ್ನು ನೋಡುವುದು, ನೋಡಿದ್ದಕ್ಕೆ ನನ್ನ ಮೇಲೆಯೇ ಸಿಟ್ಟಾಗುವುದು, ನನ್ನ ದಿನಚರಿಯಾಯಿತು.

ಈರಣ್ಣ ಮರುದಿನವೇ ಗಾಡಿಯನ್ನು ತಂದು ಬಿಟ್ಟ. “ಕಾಕಾರ, ಅವ್ವ ಮಾರಿಬಿಡು ಅಂತಾಳ್ರಿ ಇದನ್ನ. ನೀವರ ನೋಡ್ರಿ ಒಂದ ಸಲ,” ಎಂದ. ನಾನು ಮೊದಲು ಅನುಮಾನಿಸಿದ್ದು ನನ್ನನ್ನು. ದೋಷ ಹುಡುಕುವವನಿಗೆ ಇದು ಮೊದಲ ನಿಯಮವೆಂದು ನಾನು ನಂಬಿದ್ದೇನೆ: ತನ್ನ ಕೈ ಮುಟ್ಟಿದ ಜಾಗವನ್ನು ಇತರರ ಕೈ ಮುಟ್ಟಿದ ಜಾಗಕ್ಕಿಂತ ಕ್ರೂರವಾಗಿ ನೋಡಬೇಕು. ಹಾರ್ನಿನ ತಂತಿಯನ್ನು ಬ್ಯಾಟರಿಯಿಂದ ತುದಿಯವರೆಗೆ ಬಿಚ್ಚಿ ಬೆಳಕಿಗೆ ಹಿಡಿದೆ. ಅದರದೇ ಫ್ಯೂಜು, ಅದರದೇ ದಾರಿ. ಯಾವ ಸೆನ್ಸರಿನ ತಂತಿಯ ನೆರಳೂ ಅದಕ್ಕೆ ಸೋಕಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನೋಡಿ, ಸಂಕೋಚವೇಕೆ, ನನಗೆ ಹೆಮ್ಮೆಯಾಯಿತು. ಆದರೆ ಹೆಮ್ಮೆಯಿಂದ ಬೋರ್ಡು ಉಳಿಯುವುದಿಲ್ಲ. ನನ್ನಲ್ಲಿ ತಪ್ಪಿಲ್ಲವೆಂದು ನಾನು ಹೇಳಿದರೆ ಸಾಲದು; ತಪ್ಪು ಎಲ್ಲಿದೆಯೆಂದು ತೋರಿಸಬೇಕು.

ಸ್ಕ್ಯಾನರ್ ಹಚ್ಚಿದೆ. ಎಲ್ಲ ಸೆನ್ಸರುಗಳೂ ಸತ್ಯವನ್ನೇ ನುಡಿಯುತ್ತಿದ್ದವು. ಮೀಟರಿಟ್ಟು ಐದು ವೋಲ್ಟಿನ ತಂತಿಯನ್ನು ಅಳೆದೆ, ಐದೇ ಇತ್ತು. ಗಾಡಿಯನ್ನು ಹೊಳೆಆಲೂರಿನ ರೈಲು ನಿಲ್ದಾಣದವರೆಗೆ ಓಡಿಸಿ ತಂದೆ. ದೀಪ ಕಣ್ಣು ಬಿಡಲಿಲ್ಲ. ಇರುವಾಗ ಇದ್ದು, ಹುಡುಕುವಾಗ ಇಲ್ಲದ ದೋಷಕ್ಕಿಂತ ದೊಡ್ಡ ಶತ್ರು ನಮ್ಮ ಕಸುಬಿನವರಿಗಿಲ್ಲ. ದವಾಖಾನೆಯ ಮೆಟ್ಟಿಲೇರಿದೊಡನೆ ಇಳಿದುಬಿಡುವ ಜ್ವರದಂತೆ ಅದು ವೈದ್ಯನನ್ನೇ ಸುಳ್ಳುಗಾರನನ್ನಾಗಿ ಮಾಡುತ್ತದೆ. ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿತು. ದೂರು ಬಂದ ಸೆನ್ಸರುಗಳೆಲ್ಲ ಒಂದೇ ಐದು ವೋಲ್ಟಿನ ತಂತಿಯನ್ನು ಹಂಚಿಕೊಂಡವು, ಒಂದೇ ಬಾವಿಯ ನೀರು ಕುಡಿಯುವ ಮನೆಗಳಂತೆ. ಹಲವು ಮನೆಗಳಲ್ಲಿ ಒಟ್ಟಿಗೆ ಹೊಟ್ಟೆನೋವು ಬಂದರೆ ಬಾವಿಯನ್ನು ನೋಡಬೇಕು. ಆದರೆ ಬಾವಿ ಇಂದು ತಿಳಿಯಾಗಿತ್ತು. ಎಂದು ಕೆಡುತ್ತದೆ?

“ಯಾವ್ಯಾವಾಗ ದೀಪ ಹತ್ತತಪಾ?” ಎಂದು ಈರಣ್ಣನನ್ನು ಕೇಳಿದೆ.

“ತಾರೀಕ ಯಾರಿಗೆ ನೆನಪಿರತಾವ್ರಿ ಕಾಕಾರ? ನಡುನಡುವ ಹತ್ತತೈತಿ ನೋಡ್ರಿ.”

ಅವನಿಗೆ ನೆನಪಿರಲಿಲ್ಲ. ನನಗೆ ನೆನಪಿತ್ತು. ಮಿತ್ರರೇ, ನನ್ನ ಹಗೆಯ ನೆನಪನ್ನು ಕುರಿತು ಬಂಧುಬಳಗದವರು ಬಹುಕಾಲದಿಂದ ಉಪದೇಶ ಮಾಡುತ್ತ ಬಂದಿದ್ದಾರೆ: ಮರೆಯಬೇಕು, ಬಿಡಬೇಕು, ಮನಸ್ಸು ಹಗುರಾಗುತ್ತದೆ ಎಂದು. ಹಗುರಾದ ಮನಸ್ಸಿನಿಂದ ಅವರು ಸಾಧಿಸಿದ್ದನ್ನು ನಾನು ಕಾಣೆ. ಅವಮಾನಗಳನ್ನು ನಾನು ಎಲ್ಲಿಯೂ ಬರೆದಿಡುವುದಿಲ್ಲ. ಬರೆದಿಡುವುದು ಮರೆಯುವವರ ಕೆಲಸ. ಅಂದು ಪಡಸಾಲೆಯಲ್ಲಿ ಕುಳಿತು ಬಸವರಾಜ ನನ್ನನ್ನು ಚುಚ್ಚಿದ ಮಾತುಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟುಕೊಂಡೆ, ಏಕೆಂದರೆ ಆ ಗಾಡಿ ಕೆಟ್ಟು ಅವನ ಗ್ಯಾರೇಜಿಗೆ ಬಂದ ದಿನಗಳಲ್ಲೇ ಅವನು ನನ್ನನ್ನು ಚುಚ್ಚಿದ್ದ.

ಮೊದಲನೆಯದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನದ್ದು. ಓಣಿಯ ಮಕ್ಕಳು ಪೂಜೆ ಮುಗಿದ ಮಣ್ಣಿನೆತ್ತುಗಳಲ್ಲಿ ಒಂದರ ಕಾಲು ಮುರಿದು, ಎತ್ತು ಕುಂಟಾಗಿದೆಯೆಂದು ಜೋಳ ಬೇಡುತ್ತ ರಾಜೇಸಾಬನ ಹೊಟೇಲಿಗೆ ಬಂದಿದ್ದರು. ನಾನು ಪತ್ರಿಕೆಯ ಹಿಂದೆ ಕುಳಿತಿದ್ದೆ. “ಏ ಹುಡುಗೂರ್ಯಾ, ಇಲ್ಲ್ಯಾಕ ಬಂದ್ರಿ?” ಎಂದಿದ್ದ ಬಸವರಾಜ, “ಕುಂಟೆತ್ತ ನೋಡಬೇಕಂದ್ರ ನನ್ನ ಗ್ಯಾರೇಜಿಗೆ ಹೋಗ್ರಿ. ಕಾಕಾ ಕೈ ಹಾಕಿದ ಗಾಡಿ ನಿಂತೈತಿ ಅಲ್ಲಿ!” ಎರಡನೆಯದನ್ನು ರಾಜೇಸಾಬ ನನಗೆ ಮುಟ್ಟಿಸಿದ್ದ. ಅಂದು ಬಸವರಾಜ ಮುಷ್ಟಿ ತುಂಬ ಅಳ್ಳು, ಎಂದರೆ ಹುರಿದು ಅರಳಿಸಿದ ಜೋಳ, ಹಿಡಿದು ಮೆಲ್ಲುತ್ತ, “ಕಾಕಾನ ಹಾರ್ನಿನ ಗಾಡಿ ನೋಡ್ರಿ, ಬಾಣಲ್ಯಾಗಿನ ಜ್ವಾಳ ಇದ್ದಂಗ. ಯಾವಾಗ ಸಿಡೀತೈತಿ ಹೇಳಾಕ ಬರೂದಿಲ್ಲ,” ಎಂದಿದ್ದನಂತೆ. ಅಳ್ಳು ಹುರಿಯುವುದು ನಾಗರಪಂಚಮಿಗೆ. ಪಂಚಮಿ ಬರುವುದು ನಾಗರ ಅಮಾವಾಸ್ಯೆಯ ಬೆನ್ನಿಗೆ. ಮೂರನೆಯದು ಪೆಂಡಾಲಿನ ಮಾತು. ಗಣಪತಿ ಬರುವುದು ಬೆನಕನ ಅಮಾವಾಸ್ಯೆಯ ಬೆನ್ನಿಗೆ.

ನಾನು ಎದ್ದು ನಿಂತುಬಿಟ್ಟೆ. ಗಾಡಿ ಅಮಾವಾಸ್ಯೆಗೆ ಕೆಡುತ್ತಿತ್ತು. ಕೆಲವು ದಿನಗಳಲ್ಲಿ ತಾನಾಗಿಯೇ ಸುಧಾರಿಸಿಕೊಳ್ಳುತ್ತಿತ್ತು. ಬಸವರಾಜ ಯಾವ ಸೆನ್ಸರನ್ನು ಬದಲಿಸಿದ್ದರೂ, ಒಂದನ್ನೂ ಬದಲಿಸದಿದ್ದರೂ, ದೀಪ ಆರಿಯೇ ಆರುತ್ತಿತ್ತು. ಯಾವ ನೆನಪನ್ನು ಎಲ್ಲರೂ ನನ್ನ ದುರ್ಗುಣವೆಂದರೋ ಆ ನೆನಪೇ, ಯಾವ ಸ್ಕ್ಯಾನರಿಗೂ ಸಿಕ್ಕದ ಸಂಗತಿಯನ್ನು ನನ್ನ ಕೈಗಿತ್ತಿತ್ತು.

ಮಹಾಲಯ ಅಮಾವಾಸ್ಯೆಯ ದಿನ, ಮೀಟರಿನ ಚೀಲವನ್ನು ಹೆಗಲಿಗೇರಿಸಿ, ಸ್ಕ್ಯಾನರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋದೆ. ಅಮಾವಾಸ್ಯೆಯೆಂದು ಈರಣ್ಣನ ಮನೆಯ ಮಗ್ಗಕ್ಕೆ ರಜೆ. ಲಾಳಿಯ ಸದ್ದಿಲ್ಲದ ನೇಕಾರರ ಓಣಿ ಅಪರಿಚಿತ ಊರಿನಂತಿತ್ತು. ನೀಲವ್ವ “ಬರ್ರಿ” ಎಂದಳು, ನೀರು ಕೊಟ್ಟಳು, ಆದರೆ ಅದೇ ಓರೆಗಣ್ಣು. ಬಿಸಿಲಿನಲ್ಲಿ ನಿಂತಿದ್ದ ಗಾಡಿಯನ್ನು ಅಳೆದು ನೋಡಿದೆ: ಐದು ವೋಲ್ಟು. ಇನ್ನು ಈ ದಿನ ಈ ಗಾಡಿಗೆ ಏನೇನಾಗುತ್ತದೆಯೋ ಅದೆಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುವುದೆಂದು ಕಟ್ಟೆಯ ಮೇಲೆ ಕುಳಿತೆ.

ಪೂಜೆ ಮುಗಿಸಿ ನೀಲವ್ವ ಹೊರಗೆ ಬಂದಳು. ಕೈಯಲ್ಲಿ ಮಾಗಿದ ದೊಡ್ಡ ನಿಂಬೆಹಣ್ಣು, ಹಸಿಮೆಣಸಿನಕಾಯಿ, ದಬ್ಬಣ, ಮಗ್ಗದ ಗಟ್ಟಿ ನೂಲು.

“ಈರಣ್ಣಾ, ಬಾಯಿ ತಗಿಯೋ ಗಾಡಿದು,” ಎಂದಳು. ಅವನು ಬಾನೆಟ್ ಎತ್ತಿದ. ಆಕೆ ಹಣ್ಣಿನ ಒಡಲನ್ನು ದಬ್ಬಣದಿಂದ ತೂರಿ, ನೂಲೆಳೆದು, ಬಾನೆಟ್ಟಿನ ಬೀಗ ಕೂರುವ ಅಡ್ಡಪಟ್ಟಿಗೆ ನೇಕಾರರ ಗಂಟು ಹಾಕಿ ಇಳಿಬಿಟ್ಟಳು. ಅದೇ ಜಾಗದಲ್ಲಿ ಹಳೆಯ ಹಣ್ಣೊಂದು ಕರಿದಾಗಿ ಒಣಗಿ ನೇತಾಡುತ್ತಿತ್ತು. ಅದನ್ನು ಬಿಚ್ಚಿ ಮೂರು ದಾರಿ ಕೂಡುವಲ್ಲಿ ಎಸೆಯಲು ಸೆರಗಿನಲ್ಲಿ ಕಟ್ಟಿಕೊಂಡಳು.

“ಹೊರಗ ಕಟ್ಟಬಾರ್ದೇನ್ರಿ?” ಎಂದು ಕೇಳಿದೆ, ಆದಷ್ಟು ಸಹಜವಾಗಿ.

“ಮೊದಲ ಹೊರಗs ಕಟ್ಟತಿದ್ನ್ರೀ ಅಣ್ಣಾರ. ಓಣ್ಯಾಗಿನ ಆಡ ಒಂದ ದಿನ ಉಳಸೂದಿಲ್ಲ. ಮತ್ತ...” ಎಂದು ತಡೆದು, “ಏನಿಲ್ಲ ಬಿಡ್ರಿ,” ಎಂದು ಒಳಗೆ ಹೋದಳು.

ಗುಡ್ಡದ ಏರಿನ ಕಡೆಗೆ ಗಾಡಿ ಓಡಿಸಲು ಈರಣ್ಣನಿಗೆ ಹೇಳಿ ಅವನ ಪಕ್ಕದಲ್ಲಿ ಕುಳಿತೆ. ಎಂಜಿನ್ ಕಾಯ್ದಿತು, ಬಿಸಿಲು ಕಾಯ್ದಿತ್ತು, ನಾವು ಏರು ಹತ್ತಿ ಇಳಿದು ಮತ್ತೆ ಹತ್ತಿದೆವು. “ಬಂತ್ರಿ ಕಾಕಾರ!” ಎಂದು ಈರಣ್ಣ ಕೂಗಿದ. ಹಳದಿ ದೀಪ ಹೊತ್ತಿತ್ತು. ಅವನ ಮುಖ ಬಾಡಿತು. ನನಗೋ, ಬಹುಕಾಲ ಕಾಯಿಸಿದ ಸಾಲಗಾರನು ತಾನಾಗಿ ಬಾಗಿಲಿಗೆ ಬಂದಷ್ಟು ಸಂತೋಷ. ಕುಂಟುತ್ತ ಮನೆಗೆ ತಂದೆವು.

ಮೀಟರಿಟ್ಟೆ. ಐದು ಇರಬೇಕಾದಲ್ಲಿ ಮೂರೂ ಇರಲಿಲ್ಲ. ಬಾವಿಯನ್ನು ಯಾರೋ ಬತ್ತಿಸುತ್ತಿದ್ದರು. ಇಂಥಲ್ಲಿ ಮಾಡಬೇಕಾದ ಕೆಲಸ ಸರಳ: ಆ ತಂತಿಯನ್ನು ಹಂಚಿಕೊಂಡ ಸೆನ್ಸರುಗಳನ್ನು ಒಂದೊಂದಾಗಿ ಕಳಚುತ್ತ ಹೋಗುವುದು, ಯಾವುದನ್ನು ಕಳಚಿದಾಗ ಐದು ಮರಳುತ್ತದೆಯೋ ಕಳ್ಳ ಅಲ್ಲಿದ್ದಾನೆ. ಗಾಳಿಯ ಒತ್ತಡದ್ದನ್ನು ಕಳಚಿದೆ, ಏನೂ ಆಗಲಿಲ್ಲ. ಪೆಡಲಿನದ್ದನ್ನು ಕಳಚಿದೆ, ಏನೂ ಆಗಲಿಲ್ಲ. ಉಳಿದದ್ದು ಒಂದೇ, ಯಾರೂ ದೂರು ಕೊಡದಿದ್ದ ಒಂದು: ಎ.ಸಿ.ಯ ಗ್ಯಾಸಿನ ಒತ್ತಡ ನೋಡುವ ಸೆನ್ಸರು. ಅದು ಗಾಡಿಯ ಮೂತಿಯ ಹತ್ತಿರ, ಅಡ್ಡಪಟ್ಟಿಯ ಕೆಳಗಿತ್ತು. ಅದರ ಮೇಲೆಯೇ ನಿಂಬೆಹಣ್ಣು ತೂಗುತ್ತಿತ್ತು.

ಕೈ ಮುಂದೆ ಹೋದದ್ದು ಅಲ್ಲಿಯೇ ನಿಂತಿತು. ನಮ್ಮ ಕಡೆ ದೃಷ್ಟಿಗೆ ಕಟ್ಟಿದ ಹಣ್ಣನ್ನು ಕಟ್ಟಿದವರ ಹೊರತು ಇನ್ನಾರೂ ಮುಟ್ಟುವುದಿಲ್ಲ. ಲಾರಿಯ ಮುಂದೆ, ಅಂಗಡಿಯ ಹೊಸ್ತಿಲ ಮೇಲೆ, ಹೊಸ ಮನೆಯ ತೊಲೆಗೆ, ಎಲ್ಲೆಲ್ಲೂ ಅದು ತೂಗುತ್ತಿರುತ್ತದೆ. ನಮ್ಮ ಕಣ್ಣು ಅದರ ಮೇಲಿಂದ ಜಾರುತ್ತದೆ, ಕೈ ಅದನ್ನು ಬಳಸಿಕೊಂಡು ಹೋಗುತ್ತದೆ. ಬಸವರಾಜನ ಕೈಯೂ ಬಳಸಿ ಹೋಗಿತ್ತು. ರೋಣದ ಅಂಗಡಿಯಲ್ಲಿ ನನ್ನ ಕೈಯೂ ಬಳಸಿ ಹೋಗಿತ್ತು.

“ಕಾಕಾರ, ಅದನ್ನ ಮುಟ್ಟಬ್ಯಾಡ್ರಿ,” ಎಂದ ಈರಣ್ಣ, ದನಿ ತಗ್ಗಿಸಿ.

“ನೀಲವ್ವನ್ನ ಕರಿ.”

ಆಕೆ ಬಂದಳು. ಬಿಚ್ಚಬೇಕೆಂದೆ. “ಕಟ್ಟಿದ ದಿನಾನ ಬಿಚ್ಚಬಾರ್ದ್ರೀ ಅಣ್ಣಾರ.”

“ನೀವ ಇದನ್ನ ಬಿಚ್ಚದಿದ್ರ ನಾ ನನ್ನ ಬೋರ್ಡ ಬಿಚ್ಚಬೇಕಾಕೈತ್ರೀ,” ಎಂದು ಹೊಟೇಲಿನ ಪಂಥವನ್ನು ಹೇಳಿದೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಗಂಟು ಬಿಚ್ಚಿದಳು.

ಕಾಯ್ದ ಹಣ್ಣು ದಬ್ಬಣದ ತೂತಿನಿಂದ ರಸವನ್ನು ಹನಿಹನಿಯಾಗಿ ಇಳಿಸಿತ್ತು. ಸೆನ್ಸರಿಗೆ ತಂತಿ ಕೂಡುವ ಜೋಡಣೆಯ ರಬ್ಬರು ಸೀಳಿತ್ತು. ಒಳಗೆ ಪಿನ್ನುಗಳ ನಡುವೆ ಹಸಿರು ಕಿಲುಬು, ಕಿಲುಬಿನ ಮೇಲೆ ಹೊಸ ರಸದ ತೇವ. ತೇವವಿರುವಷ್ಟು ದಿನ ಅಲ್ಲಿಂದ ವಿದ್ಯುತ್ತು ಸೋರುತ್ತಿತ್ತು, ಹಣ್ಣು ಒಣಗಿದೊಡನೆ ನಿಲ್ಲುತ್ತಿತ್ತು. ಜೋಡಣೆಯನ್ನು ಕಳಚಿದೆ. ಮೀಟರು ಐದು ತೋರಿಸಿತು. ಆ ಅಂಕಿಯನ್ನು ನಾನು ಸಾವಿರ ಸಲ ನೋಡಿದ್ದೇನೆ. ಅಂದು ಅದಕ್ಕೆ ಕೈಮುಗಿಯಬೇಕೆನ್ನಿಸಿತು.

“ನಾ ಕಟ್ಟಿದ್ದರಿಂದ ಆತೇನ್ರಿ ಇದು?” ಎಂದಳು ನೀಲವ್ವ.

ಈರಣ್ಣ “ಹಂಗಲ್ಲವ್ವಾ...” ಎಂದು ಏನೋ ಮುಚ್ಚಲು ಹೋದ. ನಾನು ಹೌದೆಂದೆ. ಮೀಟರನ್ನು ಹಿಡಿದ ಕೈಯಿಂದ ಸುಳ್ಳು ಹೇಳಲು ನನಗೆ ಬಾರದು.

ಆಕೆ ಕಟ್ಟೆಯ ಮೇಲೆ ಕುಳಿತಳು. “ಖರೇ ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ಅವತ್ತ ನಿಮ್ಮ ಅಂಗಡಿ ಮುಂದ ನೀವು, ಇಂಥಾ ಗಾಡಿ ಈ ಸೀಮ್ಯಾಗ ಇಲ್ಲ ಅಂದ್ರಿ. ಎದಿ ಝಲ್ಲಂತ ನಂದು. ನಿಮ್ಮ ಕಣ್ಣ ಎಂಜಿನ್ನಿಗೆ ಬಡೀತು ಅಂತ ತಿಳದು ಮಣ್ಣೆತ್ತಿನ ಅಮಾಸಿಗೆ ಒಳಗ ಕಟ್ಟಿದೆ. ಮರುದಿನಾನ ದೀಪ ಹತ್ತತು. ಭಾರಿ ಕೆಟ್ಟ ಕಣ್ಣ ಇರಬೇಕು ಅಂತ ಮುಂದಿನ ಅಮಾಸಿಗೆ ಇನ್ನೂ ದೊಡ್ಡ ಹಣ್ಣ ತಂದೆ.”

ಆ ಓರೆಗಣ್ಣಿನ ಅರ್ಥ ಈಗ ತಿಳಿಯಿತು. ನನಗೆ ಬಂದ ಸಿಟ್ಟನ್ನು ನಾನು ವರ್ಣಿಸುವುದಿಲ್ಲ. ಮೆಚ್ಚಿದ ಕಣ್ಣನ್ನು ಕೆಟ್ಟ ಕಣ್ಣೆಂದು ಬಗೆದು, ಆ ಕಣ್ಣಿಗೆ ಮಾಡಿದ ಮದ್ದಿನಿಂದಲೇ ಗಾಡಿಯನ್ನು ಕೆಡಿಸಿ, ಕೆಟ್ಟದ್ದನ್ನು ನೋಡಿ ಮದ್ದನ್ನು ಹೆಚ್ಚಿಸಿ! ಆದರೆ ಸಿಟ್ಟಿನ ನಡುವೆಯೇ ಒಂದು ವಿಚಾರ ನನ್ನನ್ನು ಹಿಡಿದು ನಿಲ್ಲಿಸಿತು. ಆಕೆಯ ತರ್ಕದಲ್ಲಿ ಎಲ್ಲಿ ತಪ್ಪಿತ್ತು? ಮಿಸ್ತ್ರಿ ಹೊಗಳಿದ, ಗಾಡಿ ಕೆಟ್ಟಿತು. ಬಸವರಾಜನ ತರ್ಕವೂ ಅದೇ: ಮಿಸ್ತ್ರಿ ಹಾರ್ನ್ ಹಾಕಿದ, ಗಾಡಿ ಕೆಟ್ಟಿತು. ಹಿಂದೆ ನಡೆದದ್ದೇ ಮುಂದಿನದಕ್ಕೆ ಕಾರಣವೆಂದು ನಂಬುವುದು ಎಷ್ಟು ಹಗುರ! ಇಬ್ಬರೂ ನನ್ನ ಕಡೆಗೆ ಬೆರಳು ತೋರಿಸಿದ್ದರು, ಮತ್ತು ಕಾಲದ ಲೆಕ್ಕದಲ್ಲಿ ಇಬ್ಬರದೂ ಸರಿಯಾಗಿತ್ತು. ಕೆಟ್ಟದ್ದು ನನ್ನ ಭೇಟಿಯ ನಂತರವೇ, ನನ್ನ ಬಾಯಿಂದ ಬಂದ ಮಾತಿನ ನಂತರವೇ. ದೂರಿಗೂ ದೋಷಕ್ಕೂ ನಡುವಿನ ಆ ಒಂದಂಗುಲ ಜಾಗವನ್ನು ಅಳೆಯಲು ಎಲ್ಲರ ಬಳಿಯೂ ಮೀಟರಿರುವುದಿಲ್ಲ.

ಕಿಲುಬನ್ನು ತೊಳೆದೆ, ರಬ್ಬರನ್ನು ಬದಲಿಸಿದೆ, ಹಿಂದಿನ ಬಂಪರಿನ ಕೆಳಗೆ ಆಡಿನ ಬಾಯಿಗೆ ಎಟುಕದಂತೆ ಹಣ್ಣು ಕಟ್ಟಲು ಒಂದು ಕೊಕ್ಕೆಯನ್ನೂ ಮಾಡಿಕೊಟ್ಟೆ. ಹೊರಡುವಾಗ ನೀಲವ್ವನಿಗೆ ಹೇಳಿದೆ: “ಜೋಡಣಿಯೊಳಗ ನೀರ ಹೊಕ್ಕಿತ್ತು ಅಂತ ಹೇಳ್ತೇನ್ರಿ. ನಿಮ್ಮ ಹೆಸರ ತಗಿಯೂದಿಲ್ಲ.” ಹಾಗೆಂದರೆ ಬಸವರಾಜ ನಂಬುವುದಿಲ್ಲ, ಜನ ನಗುತ್ತಾರೆ, ಪಂಥ ತೂಗುಯ್ಯಾಲೆಯಲ್ಲಿ ಉಳಿಯುತ್ತದೆಂದು ನನಗೆ ಗೊತ್ತಿತ್ತು. ಆದರೂ ಒಬ್ಬ ತಾಯಿಯನ್ನು ಹೊಟೇಲಿನ ನಗೆಗೆ ಒಡ್ಡಿ ಉಳಿಸಿಕೊಂಡ ಬೋರ್ಡಿನ ಕೆಳಗೆ ಕೂರಲು ನನ್ನ ಅಭಿಮಾನ ಒಪ್ಪಲಿಲ್ಲ.

ಆದರೆ ರೋಣದ ಸಂತೆಯ ದಿನ, ರಾಜೇಸಾಬನ ಹೊಟೇಲು ಕಿಕ್ಕಿರಿದ ಹೊತ್ತಿನಲ್ಲಿ, ನೀಲವ್ವ ಈರಣ್ಣನನ್ನು ಹಿಂದಿಟ್ಟುಕೊಂಡು ಒಳಗೆ ಬಂದಳು. ಹೆಂಗಸರು ಕಾಲಿಡದ ಜಾಗವದು. ಎಲ್ಲರ ಗ್ಲಾಸುಗಳೂ ನಿಂತವು.

“ಇಲ್ಲಿ ಬಸವರಾಜ ಅನ್ನಾವ ಯಾರಪಾ?”

“ನಾನ್ರೀ ಯವ್ವಾ.”

“ನನ್ನ ಮಗನ ಗಾಡಿ ಕೆಡಿಸಿದಾಕಿ ನಾನು. ಎಂಜಿನ್ನಿನಾಗ ನಿಂಬಿಹಣ್ಣ ಕಟ್ಟಿದ್ದೆ. ಅದರ ರಸ ವೈರಿನಾಗ ಇಳೀತು. ಈ ಅಣ್ಣಾರ ನನ್ನ ಹೆಸರ ಮುಚ್ಚತೇನಿ ಅಂದ್ರು. ಯಾಕ ಮುಚ್ಚಬೇಕು? ನಾನೂ ಮಗ್ಗದ ಮ್ಯಾಲ ಕುಂತಾಕಿ. ಒಂದ ಎಳಿ ತಪ್ಪಿದ್ರ ಅಲ್ಲೀತನಕ ಬಿಚ್ಚಿ ಮತ್ತ ನೇಯ್ತೇವಿ. ಮಡಿಚಿ ಒಳಗ ಮುಚ್ಚಿ ಮಾರೂದಿಲ್ಲ. ಇವರ ಕೈಯಾಗ ಏನೂ ತಪ್ಪಿಲ್ಲ. ಕೇಳಸ್ತಿಲ್ಲೋ ಎಲ್ಲಾರಿಗೂ?”

ಯಾರೂ ನಗಲಿಲ್ಲ. ನನ್ನ ನೆನಪಿನಲ್ಲಿ ಅವಮಾನಗಳಿಗೆ ಮೀಸಲಿಟ್ಟ ಕೋಣೆಯೊಂದಿದೆಯಷ್ಟೆ. ಅದರಷ್ಟೇ ಭದ್ರವಾದ ಬೇರೊಂದು ಕೋಣೆ ಇಷ್ಟು ಕಾಲ ಖಾಲಿಯಾಗಿ ಕಾದಿತ್ತೆಂದು ನನಗೆ ಅಂದು ತಿಳಿಯಿತು. ಆಕೆಯ ಮಾತು ಒಂದಕ್ಷರ ಕಳೆಯದೆ ಅಲ್ಲಿ ಕುಳಿತಿದೆ.

ರಾಜೇಸಾಬ ತಾನೇ ಬೆಂಚು ಒರೆಸಿ ಆಕೆಗೆ ಚಹಾ ತಂದಿಟ್ಟ. ಎಲ್ಲರ ಕಣ್ಣೂ ಬಸವರಾಜನ ಮೇಲೆ ತಿರುಗಿತು. ಅವನು ಎದ್ದು ನನ್ನೆದುರು ನಿಂತು, ಕಿವಿ ಕೆಂಪಾಗಿಸಿಕೊಂಡು, ಮೆಲ್ಲಗೆ ನುಡಿದ: “ತಪ್ಪಾತ್ರಿ ಕಾಕಾ.”

“ಮೂಲ್ಯಾಗ ಕುಂತವರಿಗೆ ಕೇಳಸಲಿಲ್ಲ,” ಎಂದೆ.

“ತಪ್ಪಾತ್ರಿ ಕಾಕಾ!” ಎಂದು ಅವನು ಕೂಗಿದ. ಹೊಟೇಲು ನಕ್ಕಿತು, ಅವನೂ ನಕ್ಕ. ನಾನು ನಗಲಿಲ್ಲ.

ನಗು ನಿಂತ ಮೇಲೂ ಅವನು ಅಲ್ಲಿಂದ ಕದಲಲಿಲ್ಲ. “ಅಲ್ರೀ ಕಾಕಾ, ದೂರs ಇರದ ಸೆನ್ಸರ್ ಮ್ಯಾಲ ಸಂಶೆ ಹ್ಯಾಂಗ ಬಂತ್ರೀ ನಿಮಗ?” ಎಂದು ಕೇಳಿದ. ಆ ಪ್ರಶ್ನೆ ಕಸುಬಿನವನ ಪ್ರಶ್ನೆ. ಅದರಲ್ಲಿ ಸೋಲಿನ ಕಹಿಯಿರಲಿಲ್ಲ, ಹಸಿವಿತ್ತು. ಐದು ವೋಲ್ಟಿನ ಬಾವಿಯಿಂದ ತೊಡಗಿ ಹಸಿರು ಕಿಲುಬಿನವರೆಗೆ ನಾನು ಒಂದೊಂದು ಮೆಟ್ಟಿಲನ್ನೂ ಬಿಡದೆ ವಿವರಿಸಿದೆ. ಕುಂಟೆತ್ತು, ಅಳ್ಳು, ಪೆಂಡಾಲು, ಅವನ ಮೂರು ಮಾತುಗಳನ್ನೂ ಅವನ ದನಿಯಲ್ಲೇ ಅವನಿಗೆ ಒಪ್ಪಿಸಿದೆ. ನನ್ನ ಚಹಾ ಆರಿಹೋಯಿತು. ಅವನು ಅಷ್ಟು ಹೊತ್ತೂ ನಿಂತೇ ಕೇಳಿದ. ಎಲ್ಲ ಮುಗಿದ ಮೇಲೆ, ಬೆಂಚಿನ ಮೇಲೆ ತುಸು ಸರಿದು, “ಕೂಡು,” ಎಂದೆ.